ಮೇಪಲ್ ಬೀಜಕ್ಕೆ ಚಳಿಗಾಲ ಎಲ್ಲಿಂದ ತರೋದು?

ಹೋದ ತಿಂಗಳು ಇದೇ ಅಂಕಣದಲ್ಲಿ ಪುಣೆಯ ಕೋಥ್ರೂಡ್‌ನ ನಮ್ಮ ಮನೆ ಟೆರೇಸಿನ ಮೇಲೆ ಬೀಜದಿಂದ ಬಂದಿರೋ ಜಪಾನೀ ಮೇಪಲ್ ಸಸಿಗಳ ಬಗ್ಗೆ ನಾಕೇ ನಾಕು ಸಾಲು ಬರ್ದಿದ್ದೆ. ಅದಕ್ಕೆ ಡೊಂಬಿವಲಿ, ಪಿಂಪ್ರಿ, ವಾಸ್ಕೋ, ಮಡಗಾಂವ್ ಅಂತ ಎಲ್ಲಾ ಕಡೆಯಿಂದ ಪ್ರಶ್ನೆಗಳು ಬಂದಿವೆ. ಗುಲಾಬಿ, ಕರಿಬೇವು, ದಾಸವಾಳದ ಪ್ರಶ್ನೆ ಕಳ್ಸಿದವರು ಒಂದು ತಿಂಗಳು ಕಾಯ್ಬೇಕು, ಈ ಸಲ ಪೂರ್ತಿ ಜಾಗ ಮೇಪಲ್‌ಗೇ.

ಪ್ರ: ನಮಸ್ಕಾರ ಮೇಡಂ. ನನ್ನ ಮಗಳು ಇರುವುದು ಕೆನಡಾದ ಟೊರೊಂಟೊದಲ್ಲಿ. ಹೋದ ವರ್ಷ ಬರುವಾಗ ಅವಳ ಮನೆ ಎದುರಿನ ಮೇಪಲ್ ಮರದ ಅಡಿಯಿಂದ ಒಂದು ಡಬ್ಬ ಬೀಜ ಹೆಕ್ಕಿ ತಂದಿದ್ದಳು. ಜೂನಿನಲ್ಲಿ ಮಳೆ ಸುರುವಾದ ಕೂಡ್ಲೆ ಅರ್ಧ ಬೀಜ ಕುಂಡಕ್ಕೆ ಹಾಕಿದೆ, ಒಂದೂ ಹುಟ್ಟಲಿಲ್ಲ ಮಾರಾಯ್ರೆ. ಇನ್ನರ್ಧ ಡಬ್ಬದಲ್ಲೇ ಉಂಟು. ಬೀಜ ಹಾಳಾಗಿದೆಯಾ, ನಾನು ಹಾಕಿದ್ದೇ ಸರಿಯಿಲ್ಲವಾ? (ಡೊಂಬಿವಲಿಯ ಓದುಗರು)

ಉ: ನೀವು ಮಣ್ಣಿಗೆ ಹಾಕಿದ್ದರಲ್ಲಿ ತಪ್ಪೇನಿಲ್ಲ, ಹಾಕೋಕೆ ಮುಂಚೆ ಆಗ್ಬೇಕಿದ್ದ ಒಂದು ಕೆಲಸ ಆಗಿಲ್ಲ. ಟೊರೊಂಟೊ ಕಡೆ ಹೆಚ್ಚಿನ ಮೇಪಲ್‌ಗಳ ಬೀಜ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಬಲಿತು ಉದುರತ್ತೆ, ಅದರ ಬೆನ್ನಿಗೇ ಹಿಮ ಬೀಳತ್ತೆ. ಉದುರಿದ ಕೂಡ್ಲೇ ಮೊಳೆತುಬಿಟ್ರೆ ಎಳೆ ಸಸಿ ಹಿಮಕ್ಕೆ ಸಿಕ್ಕಿ ಸಾಯತ್ತೆ, ಅದಕ್ಕೇ ಆ ಬೀಜದೊಳಗೆ ಒಂದು ಬೀಗ ಇದೆ, ವಾರಗಟ್ಟಲೆ ತಣ್ಣಗಿನ ಒದ್ದೆ ಮಣ್ಣಲ್ಲಿ ಮಲಗಿದ ಮೇಲೇನೇ ಆ ಬೀಗ ತೆಗೆಯೋದು. ಬರೀ ತಂಪು ಸಾಲ್ದು, ಒದ್ದೇನೂ ಬೇಕು, ಒಣ ಬೀಜನ ಫ್ರಿಜ್‌ನಲ್ಲಿ ವರ್ಷ ಇಟ್ರೂ ಅದಕ್ಕೆ ಚಳಿಗಾಲ ಕಳೀತು ಅಂತ ಗೊತ್ತಾಗಲ್ಲ. ಡೊಂಬಿವಲಿ ಜೂನಿನ ಮಳೆ ಒದ್ದೆ ಏನೋ ಧಾರಾಳ ಕೊಟ್ಟಿದೆ, ಆದ್ರೆ ಆ ಸೆಕೆಯಲ್ಲಿ ತಂಪೆಲ್ಲಿಂದ ಬರಬೇಕು? ಆ ಚಳಿನ ನಾವು ಫ್ರಿಜ್‌ನಲ್ಲಿ ಮಾಡಿ ಕೊಡ್ಬೇಕು.

ಅದಕ್ಕೂ ಮುಂಚೆ ಡಬ್ಬದಿಂದ ಐದಾರು ಬೀಜ ತೆಗ್ದು ಬಿಳಿ ಹಾಳೆ ಮೇಲಿಟ್ಟು ನೋಡಿ. ಮೇಪಲ್ ಬೀಜ ಜೋಡಿಯಾಗಿ ಬರತ್ತೆ, ಎರಡು ಬೀಜ ಬುಡದಲ್ಲಿ ಅಂಟ್ಕೊಂಡು ಒಂದೊಂದಕ್ಕೂ ಒಂದೊಂದು ರೆಕ್ಕೆ, ನಮ್ಮ ಘಟ್ಟದ ಮಾಧವಿ ಲತೆ ಬೀಜಕ್ಕೆ ಮೂರು ರೆಕ್ಕೆ ಇರತ್ತಲ್ಲ, ಇದಕ್ಕೆ ಎರಡು, ಅದೇ ಥರ ಗಿರಗಿರ ತಿರುಗ್ತಾ ಇಳಿಯತ್ತೆ. ರೆಕ್ಕೆಗಳು ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿ ಆ ಕಡೆ ಈ ಕಡೆ ಚಾಚಿದ್ದು ಬೀಜ ಚಪ್ಪಟೆಯಾಗಿದ್ರೆ ಅದು ನಾರ್ವೆ ಮೇಪಲ್, ಆ ಊರಿನ ರಸ್ತೆ ಬದಿಯಲ್ಲಿ ಬಹಳ ನೆಟ್ಟಿರೋದು ಇದನ್ನೇ. ರೆಕ್ಕೆಗಳು ಕುದುರೆ ಲಾಳದ ಥರ ಬಾಗಿದ್ದು ಬೀಜ ಗುಂಡಗೆ ಉಬ್ಬಿದ್ರೆ ಶುಗರ್ ಮೇಪಲ್. ಇವೆರಡೂ ಚಳಿ ಕೇಳೋ ಜಾತಿ. ಆದ್ರೆ ಬೀಜ ರೆಕ್ಕೆ ಸಮೇತ ಎರಡು ಇಂಚಿನ ಹತ್ರ ಇದ್ರೆ ಅದು ಸಿಲ್ವರ್ ಮೇಪಲ್, ಅದರ ಕಥೆಯೇ ಉಲ್ಟಾ, ಅದು ಬೇಸಿಗೆ ಶುರುವಿಗೇ ಉದುರಿ ಬಿದ್ದ ಜಾಗದಲ್ಲೇ ಮೊಳೆಯತ್ತೆ, ಒಣಗಿದ್ರೆ ಮುಗೀತು, ಮತ್ತೆ ಜೀವ ಬರಲ್ಲ. ಡಬ್ಬದಲ್ಲಿರೋದು ಅದೇ ಆಗಿದ್ರೆ ದಯವಿಟ್ಟು ಇನ್ನೊಂದು ವರ್ಷ ಕಾಯ್ತಾ ಕೂರಬೇಡಿ. ಕೆಂಪು ಮೇಪಲ್ ಬೀಜನೂ ಅದೇ ಹೊತ್ತಿಗೆ ಉದುರೋದು, ಚಿಕ್ಕದು, ಹೆಚ್ಚಿನವು ಚಳಿ ಕೇಳದೇನೇ ಮೊಳೆಯತ್ತೆ.

ಆಮೇಲೆ ಎರಡು ಬೀಜನ ಬ್ಲೇಡಿಂದ ಅಡ್ಡಕ್ಕೆ ಕುಯ್ದು ನೋಡಿ. ಒಳಗೆ ಹಸಿರು ಇಲ್ಲಾ ಕೆನೆ ಬಣ್ಣದ ತಿರುಳು ತುಂಬಿದ್ರೆ ಜೀವ ಇದೆ. ಖಾಲಿ ಇದ್ರೆ, ಕಂದು ಪುಡಿ ಇದ್ರೆ ಜೀವ ಇಲ್ಲ. ಮೇಪಲ್‌ನಲ್ಲಿ ಪೊಳ್ಳು ಬೀಜ ಜಾಸ್ತಿ, ಹೂವಿಗೆ ಪರಾಗ ಸರಿಯಾಗಿ ಸಿಗದಿದ್ರೂ ರೆಕ್ಕೆ ಮಾತ್ರ ಚೆನ್ನಾಗೇ ಬೆಳೆದಿರತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಹತ್ತರಲ್ಲಿ ಏಳೆಂಟು ಪೊಳ್ಳು ಇದ್ರೆ ಫ್ರಿಜ್ ಕೆಲಸಕ್ಕೆ ಕೈ ಹಾಕೋದೇ ಬೇಡ.

ತಿರುಳಿದ್ರೆ ರೆಕ್ಕೆ ಮುರಿದು ತೆಗೀರಿ. ಕೈ ಅದ್ದಿದ್ರೆ ಬಿಸಿ ಅನ್ಸಬೇಕು ಆದ್ರೆ ಸುಡಬಾರ್ದು, ಅಷ್ಟು ಬಿಸಿ ನೀರಿಗೆ ಹಾಕಿ ಹಾಗೇ ಆರೋಕೆ ಬಿಟ್ಟು 24 ಗಂಟೆ ನೆನೆಸಿ, ನಿಮ್ಮದು ಒಣಗಿ ತಿಂಗಳುಗಟ್ಟಲೆ ಆಗಿರೋ ಬೀಜ, ಹಾಗಾಗಿ ನೀರು ಬದಲಿಸಿ ಇನ್ನೊಂದು ದಿನ ಬಿಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒದ್ದೆ ಮಾಡಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಹಿಂಡಿದ ಮೇಲೆ ಮತ್ತೊಂದು ಹನಿ ಬೀಳಬಾರ್ದು, ಅಷ್ಟೇ ಒದ್ದೆ. ಅದರಲ್ಲಿ ಬೀಜ ಕಲಸಿ ಜಿಪ್ ಬ್ಯಾಗಿಗೆ ಹಾಕಿ ತಾರೀಖು ಬರ್ದು ಫ್ರಿಜ್‌ನ ತರಕಾರಿ ಡ್ರಾಯರ್ ಹತ್ರ ಇಡಿ, 1ರಿಂದ 5 ಡಿಗ್ರಿ ಒಳಗಿರಬೇಕು. ಫ್ರೀಜರ್ ಬೇಡವೇ ಬೇಡ, ನೀರು ಕುಡಿದು ಉಬ್ಬಿದ ಬೀಜ ಅಲ್ಲಿ ಹೆಪ್ಪುಗಟ್ಟಿದ್ರೆ ಹಾಳಾಗತ್ತೆ. ಜಪಾನೀ ಮೇಪಲ್ ಮತ್ತು ನಾರ್ವೆ ಮೇಪಲ್‌ಗೆ 90ರಿಂದ 120 ದಿನ ಲೆಕ್ಕ ಇಟ್ಕೊಳ್ಳಿ, ಶುಗರ್ ಮೇಪಲ್ ಎರಡು ಮೂರು ತಿಂಗಳಿಗೇ ಏಳತ್ತೆ, ಅದಂತೂ ಫ್ರಿಜ್‌ನ ಚಳಿಯಲ್ಲೇ ಬೇರು ಬಿಡೋಕೆ ಶುರು ಮಾಡತ್ತೆ.

ಹದಿನೈದು ದಿನಕ್ಕೊಂದ್ಸಲ ಬ್ಯಾಗ್ ಬಿಚ್ಚಿ ಗಾಳಿ ಆಡ್ಸಿ ಮೂಸಿ ನೋಡಿ. ನಾನು ಮೊದಲ ವರ್ಷ ಕೋಕೋಪೀಟ್ ಹಿಂಡದೇ ತೊಟ್ಟಿಕ್ಕೋ ಹಾಗೇ ಸ್ಟೀಲ್ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿ ಮಾಡಿ ಸಂಕ್ರಾಂತಿವರೆಗೂ ತೆಗೀಲೇ ಇಲ್ಲ, ತೆಗೆದಾಗ ಹುಳಿ ವಾಸನೆ, ಬೀಜ ಬೆರಳಲ್ಲಿ ಒತ್ತಿದ್ರೆ ನೀರು, 40 ಬೀಜನೂ ಹೋಗಿತ್ತು, ಆವತ್ತು ತುಂಬಾನೇ ಬೇಜಾರಾಗಿತ್ತು. ಮುಂದಿನ ವರ್ಷ ಮತ್ತೆ 40, ಈ ಸಲ ಹಿಂಡಿ ಜಿಪ್ ಬ್ಯಾಗು. 74ನೇ ದಿನ ಬಿಚ್ಚಿದ್ರೆ ಕಂದು ಕೋಕೋಪೀಟ್ ಮಧ್ಯೆ ಸೂಜಿ ಮೊನೆಯಷ್ಟು ಬೆಳ್ಳಗೆ ಒಂದು ಬೇರು ಇಣುಕಿತ್ತು, ಕಿಟಕಿ ಹತ್ರ ಹಿಡ್ಕೊಂಡು ಎಷ್ಟೊತ್ತು ನೋಡಿದ್ನೋ. ಒಟ್ಟು 17 ಬಂದ್ವು. ಬೇರು ಕಂಡಿದ್ದನ್ನ ಅದೇ ದಿನ ಕುಂಡಕ್ಕೆ ಹಾಕಿ, ಬೇರು ಕೆಳಗೆ ಮಾಡಿ ಅರ್ಧ ಇಂಚು ಆಳ, ಉಳಿದವು ಬ್ಯಾಗಲ್ಲೇ ಇರಲಿ. ಎಲ್ಲವೂ ಒಟ್ಟಿಗೆ ಏಳಲ್ಲ, ಕೆಲವು ಎರಡನೇ ಚಳಿಗೆ ಏಳೋವೂ ಇರತ್ತೆ, ಅದಕ್ಕೇ ಗಟ್ಟಿಯಾಗಿರೋ ಬೀಜನ ಎಸೀಬೇಡಿ.

ನಮ್ಮ ಕಡೆ ಲೆಕ್ಕ ಹಿಂದಿನಿಂದ ಹಾಕ್ಬೇಕು. ಏಪ್ರಿಲ್ ಬಿಸಿಲು ಬರೋಕೆ ಮುಂಚೆ ಸಸಿಗೆ ಎರಡು ತಿಂಗಳಾದ್ರೂ ಸಿಗಬೇಕು, ಅಂದ್ರೆ ಜನವರಿ ಕೊನೆಗೆ ಕುಂಡದಲ್ಲಿರಬೇಕು, ಹಾಗಾದ್ರೆ ಫ್ರಿಜ್‌ಗೆ ಸೆಪ್ಟೆಂಬರ್ ಕೊನೆ ಇಲ್ಲಾ ಅಕ್ಟೋಬರ್ ಮೊದಲ ವಾರ ಹೋಗ್ಬೇಕು. ನವರಾತ್ರಿ ಆಸುಪಾಸು ಅಂತ ನೆನಪಿಟ್ಕೊಳ್ಳಿ.

ಇನ್ನೊಂದು ಮಾತು ಹೇಳಲೇಬೇಕು. ಹೊರದೇಶದ ಬೀಜನ ಬಿತ್ತೋಕೆ ಅಂತ ತರೋದಕ್ಕೆ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿನೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರನೂ ಬೇಕು, ಬ್ಯಾಗಲ್ಲಿ ಹಾಕ್ಕೊಂಡು ಬರೋ ಹಾಗಿಲ್ಲ. ಬೀಜದ ಜೊತೆ ಕಣ್ಣಿಗೆ ಕಾಣದ ಶಿಲೀಂಧ್ರ, ಕೀಟದ ಮೊಟ್ಟೆ ಬರತ್ತೆ, ಒಂದ್ಸಲ ಇಲ್ಲಿ ಹರಡಿದ್ರೆ ಹೊರಗೆ ಹಾಕೋಕಾಗಲ್ಲ. ಮಗಳಿಗೆ ಮುಂದಿನ ಸಲ ತರಬೇಡಮ್ಮ ಅಂತ ಹೇಳಿ, ದೇಶದೊಳಗೇ ಬೆಳೆದ ಮರದ ಬೀಜ ಹುಡುಕೋಣ.

ಪ್ರ: ಆನ್‌ಲೈನ್‌ನಲ್ಲಿ ನೀಲಿ ಮೇಪಲ್, ನೇರಳೆ ಮೇಪಲ್ ಅಂತ ಹತ್ತು ಬೀಜದ ಪ್ಯಾಕೆಟ್ ಸಿಗ್ತಿದೆ, ಫೋಟೋ ತುಂಬಾ ಚೆನ್ನಾಗಿದೆ, ತಗೋಬಹುದಾ? (ವಾಸ್ಕೋದ ಓದುಗರು)

ಉ: ಬೇಡ. ನೀಲಿ ಎಲೆಯ ಮೇಪಲ್ ಅಂತ ಲೋಕದಲ್ಲೇ ಇಲ್ಲ, ಅದು ಫೋಟೋಗೆ ಬಳಿದ ಬಣ್ಣ. ಹಸಿರು, ಹಳದಿ, ಕಿತ್ತಳೆ, ಕೆಂಪು, ಕಡುಗೆಂಪು ನೇರಳೆ, ಇಷ್ಟೇ ಇರೋದು. ಮತ್ತೆ ಕೆಂಪೆಲೆಯ ಬ್ಲಡ್‌ಗುಡ್ ಅನ್ನೋ ಹೆಸರಿನ ತಳಿಯ ಬೀಜ ಅಂತ ಕೊಟ್ರೂ ಅದರಿಂದ ಬರೋ ಸಸಿ ತಾಯಿ ಥರಾನೇ ಇರತ್ತೆ ಅಂತಿಲ್ಲ, ಕೆಲವು ಕೆಂಪು, ಕೆಲವು ಹಸಿರು, ಕೆಲವು ಎರಡರ ಮಧ್ಯೆ. ನಮ್ಮ ಆಪೂಸ್ ಗೊರಟೆ ನೆಟ್ರೆ ಅದೇ ಆಪೂಸ್ ಬರತ್ತೆ ಅಂತ ಯಾರೂ ಹೇಳಲ್ವಲ್ಲ, ಹಾಗೇ. ಅದೇ ತಳಿ ಬೇಕಂದ್ರೆ ಕಸಿ ಗಿಡ ತಗೋಬೇಕು, ಇಲ್ಲಾ ಗೂಟಿ ಕಟ್ಬೇಕು, ಅಂದ್ರೆ ಗಿಡದ ಮೇಲಿರೋ ಕೊಂಬೆಗೇ ಬೇರು ಬರಿಸಿ ಆಮೇಲೆ ಕುಯ್ದು ನೆಡೋದು, ಅದರ ಬಗ್ಗೆ ಕೆಳಗೆ ಬರ್ದಿದೀನಿ.

ಪ್ರ: ಅಕ್ಕ, ನನ್ನ ಮಗ ಏಳನೇ ಕ್ಲಾಸು, ಸ್ಕೂಲ್ ಪ್ರಾಜೆಕ್ಟ್ ಅಂತ ಜಪಾನೀ ಮೇಪಲ್ ಬೀಜ ಫ್ರಿಜ್‌ನಲ್ಲಿಟ್ಟು ಒಂಬತ್ತು ಸಸಿ ಮಾಡಿದ್ದ. ಚೆನ್ನಾಗೇ ಇದ್ವು, ಒಂದೇ ವಾರದಲ್ಲಿ ಆರು ಸಸಿ ಬುಡದಲ್ಲಿ ಮಡಚಿಕೊಂಡು ಬಿದ್ದೋದ್ವು. ಅವನು ತುಂಬಾ ಸಪ್ಪಗಾಗಿದಾನೆ. ಉಳಿದ ಮೂರನ್ನ ಹೇಗೆ ಕಾಪಾಡೋದು? (ಪುಣೆ, ಔಂಧ್‌ನ ಓದುಗರು)

ಉ: ಮೊದಲು ಅವನಿಗೆ ಹೇಳಿ, ಒಂಬತ್ತು ಬೀಜ ಎಬ್ಬಿಸಿದಾನೆ ಅಂದ್ರೆ ಕಷ್ಟದ ಅರ್ಧ ಮುಗ್ಸಿದಾನೆ. ಬಿದ್ದ ಸಸಿಯ ಬುಡ ನೋಡಿ, ಮಣ್ಣು ಮುಟ್ಟೋ ಜಾಗದಲ್ಲಿ ದಾರ ಕಟ್ಟಿ ಬಿಗಿದ ಹಾಗೆ ಸಣ್ಣಗಾಗಿ ಕಪ್ಪಾಗಿರತ್ತೆ, ಮೇಲಿನ ಎಲೆ ಇನ್ನೂ ಹಸಿರಾಗೇ ಇರತ್ತೆ. ಇದು ಸಸಿ ಕೊಳೆ ರೋಗ, ಟೊಮೆಟೊ ಮೆಣಸಿನ ಮಡಿಯಲ್ಲೂ ಬರೋದು ಇದೇ, ಮಣ್ಣಲ್ಲಿರೋ ಶಿಲೀಂಧ್ರ ಮಾಡೋ ಕೆಲಸ. ನೀರು ಜಾಸ್ತಿ, ಗಾಳಿ ಕಮ್ಮಿ ಇದ್ರೆ ಒಂದು ಸಸಿಯಿಂದ ಇನ್ನೊಂದಕ್ಕೆ ದಾಟತ್ತೆ. ಬಿದ್ದಿದ್ದನ್ನ ಸುತ್ತಲ ಮಣ್ಣಿನ ಸಮೇತ ತೆಗ್ದು ಹೊರಗೆ ಹಾಕಿ. ಉಳಿದ ಮೂರನ್ನ ಬೇರೆ ಬೇರೆ ಕುಂಡಕ್ಕೆ ಹಾಕಿ, ಎತ್ತೋವಾಗ ಕಾಂಡ ಹಿಡೀಬೇಡಿ, ಬೀಜದೆಲೆ ಹಿಡ್ಕೊಂಡು ಚಮಚದಲ್ಲಿ ಮಣ್ಣು ಸಮೇತ ಎತ್ತಿ. ತೋಟದ ಮಣ್ಣು ಬೇಡ, ಕೋಕೋಪೀಟ್ ಎರಡು ಪಾಲು, ಜರಡಿ ಹಿಡಿದ ಇಟ್ಟಿಗೆ ಚೂರು ಇಲ್ಲಾ ಪರ್ಲೈಟ್ (ನರ್ಸರಿಯಲ್ಲಿ ಸಿಗೋ ಹಗುರ ಬಿಳಿ ಕಾಳು) ಎರಡು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದೇ ಪಾಲು. ನೀರು ಮೇಲಿಂದ ಹನಿಸದೇ ಕುಂಡನ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ಕೆಳಗಿಂದ ಕುಡಿಸಿ ತಟ್ಟೆ ತೆಗ್ದುಬಿಡಿ, ಮೇಲ್ಮಣ್ಣು ಒಣಗಿದ ಮೇಲೇನೇ ಮತ್ತೆ.

ಉದ್ದಕ್ಕೆ ನಾಲಿಗೆ ಥರ ಇರೋ ಮೊದಲ ಎರಡು ಎಲೆ ಬೀಜದೆಲೆ, ಅದನ್ನ ನೋಡಿ ಇದು ಮೇಪಲ್ಲೇ ಅಲ್ಲ ಅಂತ ಕಿತ್ತು ಹಾಕಿದವರಿದಾರೆ. ನಿಜವಾದ ಎಲೆ ಆಮೇಲೆ ಬರತ್ತೆ, ಅಂಚು ಗರಗಸದ ಥರ. ಎರಡು ಜೊತೆ ನಿಜವಾದ ಎಲೆ ಬರೋವರೆಗೂ ಗೊಬ್ಬರದ ನೀರು ಹಾಕಬೇಡಿ. ಮಾರ್ಚ್ ಕೊನೆಯಿಂದ ಬೆಳಗಿನ ಒಂದು ಗಂಟೆ ಎಳೆ ಬಿಸಿಲು ಸಾಕು, ಉಳಿದ ಹೊತ್ತು ಹಸಿರು ಶೇಡ್‌ನೆಟ್ ಕೆಳಗೆ. ಪುಣೆ ಏಪ್ರಿಲ್ ಮೇನಲ್ಲಿ ಮಧ್ಯಾಹ್ನ ಬೀಸೋ ಒಣ ಗಾಳಿ ಬಿಸಿಲಿಗಿಂತ ಕೆಟ್ಟದು, ಬೇರು ನೀರು ಕೊಡೋಕೆ ಮುಂಚೆ ಎಲೆಯಿಂದ ನೀರು ಹೋಗ್ಬಿಡತ್ತೆ, ಅಂಚು ಸುಟ್ಟ ಕಾಗದದ ಥರ ಆಗತ್ತೆ. ಬೋರ್‌ವೆಲ್, ಟ್ಯಾಂಕರ್ ನೀರಲ್ಲಿ ಉಪ್ಪು ಜಾಸ್ತಿ ಇದ್ರೂ ಎಲೆ ತುದಿ ಹೀಗೇ ಸುಡತ್ತೆ. ಖಡಕ್‌ವಾಸ್ಲಾದ ನಲ್ಲಿ ನೀರು ಇದ್ರೆ ಅದನ್ನೇ ಹಾಕಿ, ಮಳೆಗಾಲದಲ್ಲಿ ನಾಕು ಕ್ಯಾನ್ ಮಳೆ ನೀರು ಹಿಡಿದಿಟ್ರೆ ಇನ್ನೂ ಒಳ್ಳೇದು.

ಪ್ರ: ನಮಸ್ಕಾರ್ರೀ ಅಕ್ಕಾರ. ನಾ ವಿಜಯಪುರ ಕಡೆಯವ, ಈಗ ಪಿಂಪ್ರಿಯೊಳಗ ಕೆಲಸ. ಊರಾಗ ನಮ್ಮಪ್ಪ ದಾಳಿಂಬರಿಗೆ ಗೂಟಿ ಕಟ್ಟತಿದ್ರು, ನಾನೂ ಕಟ್ಟೀನಿ. ಇಲ್ಲಿ ಬಾಲ್ಕನಿಯೊಳಗ ಒಂದು ಟ್ರೈಡೆಂಟ್ ಮೇಪಲ್, ಒಂದು ಕೆಂಪ ಎಲಿ ಜಪಾನೀ ಮೇಪಲ್ ಅದಾವ, ಎರಡೂ ನಾಕೈದು ವರ್ಷದ್ದು. ಹೋದ ಮಳಿಗಾಲದಾಗ ದಾಳಿಂಬರಿಗತೆನ ಎರಡಕ್ಕೂ ಗೂಟಿ ಕಟ್ಟಿದೆ. ಎರಡು ತಿಂಗಳಾದ ಮ್ಯಾಲೆ ಬಿಚ್ಚಿ ನೋಡಿದ್ರ ಬೇರ ಇಲ್ಲ, ಸುಲದ ತೊಗಟಿ ತಿರಗಿ ಕೂಡಿಬಿಟ್ಟೈತಿ. ಎಲ್ಲಿ ತಪ್ಪೇತ್ರಿ? (ಪಿಂಪ್ರಿಯ ಓದುಗರು)

ಉ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು, ಯಾಕಂದ್ರೆ ವಿಜಯಪುರ, ಬಾಗಲಕೋಟೆ, ಸೋಲಾಪುರದ ದಾಳಿಂಬೆ ತೋಟದಲ್ಲಿ ಗೂಟಿ ಕಟ್ಟಿದ ಕೈಗೆ ಮೇಪಲ್ ಹೊಸದೇನಲ್ಲ. ಇಲ್ಲಿ ಮರಾಠಿಯವರೂ ಗುಟಿ ಕಲಮ್ ಅಂತಾನೇ ಅಂತಾರೆ, ಬೋನ್ಸಾಯ್ ಮಾಡೋರು ಏರ್ ಲೇಯರಿಂಗ್ ಅಂತಾರೆ, ಕೆಲಸ ಒಂದೇ. ತಪ್ಪಿದ್ದು ನಿಮ್ಮ ಪತ್ರದ ಕೊನೇ ಸಾಲಲ್ಲೇ ಇದೆ, ತೊಗಟೆ ತಿರುಗಿ ಕೂಡ್ಕೊಂಡಿದೆ.

ಗೂಟಿ ಯಾಕೆ ಬೇರು ಬಿಡತ್ತೆ ಅಂತ ಒಂದ್ಸಲ ಯೋಚ್ನೆ ಮಾಡಿ. ನೀರು ಕಟ್ಟಿಗೆಯೊಳಗಿಂದ ಮೇಲೆ ಹೋಗತ್ತೆ, ಎಲೆ ಮಾಡಿದ ಸಕ್ಕರೆ ಮತ್ತು ಬೇರು ಹುಟ್ಟಿಸೋ ಹಾರ್ಮೋನು ತೊಗಟೆಯೊಳಗಿಂದ ಕೆಳಗೆ ಇಳಿಯತ್ತೆ. ಉಂಗುರದ ಥರ ತೊಗಟೆ ಸುಲಿದ್ರೆ ನೀರಿನ ದಾರಿ ಹಾಗೇ ಇರತ್ತೆ, ಕೊಂಬೆ ಒಣಗಲ್ಲ, ಆದ್ರೆ ಇಳಿಯೋ ದಾರಿ ಮಾತ್ರ ಬಂದಾಗತ್ತೆ, ಸಕ್ಕರೆ ಹಾರ್ಮೋನು ಎರಡೂ ಗಾಯದ ಮೇಲಿನ ಅಂಚಲ್ಲಿ ಬಂದು ನಿಲ್ಲತ್ತೆ, ಅಲ್ಲಿ ಒದ್ದೆ ಕತ್ತಲೆ ಸಿಕ್ಕಿದ್ರೆ ಬೇರು. ತೊಗಟೆ ಮತ್ತೆ ಸೇತುವೆ ಕಟ್ಕೊಂಡ್ರೆ ದಾರಿ ಬಿಡುಗಡೆ ಆಯ್ತು, ಮರಕ್ಕೆ ಬೇರು ಬಿಡೋ ಅಗತ್ಯವೇ ಇಲ್ಲ. ತೊಗಟೆ ಸುಲಿದ ಮೇಲೆ ಕಟ್ಟಿಗೆ ಮೇಲೆ ಜಾರೋ ಥರದ ತೆಳು ಲೋಳೆ ಪದರ ಇರತ್ತಲ್ಲ, ಮೇಪಲ್‌ನಲ್ಲಿ ಅದು ಒಂಚೂರು ಉಳಿದ್ರೂ ಸಾಕು, ಅಲ್ಲಿಂದಾನೇ ಸೇತುವೆ ಬೆಳೆಯತ್ತೆ. ಚಾಕು ಬೆನ್ನಲ್ಲಿ ಕೆರೀಬೇಕು, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಕೆರೀಬೇಕು, ಉಗುರು ಎಳೆದ್ರೆ ಜಾರಬಾರ್ದು, ಒಣ ಕಟ್ಟಿಗೆ ಮುಟ್ಟಿದ ಹಾಗೆ ಒರಟು ಅನ್ಸಬೇಕು. ಉಂಗುರದ ಅಗಲನೂ ನೋಡಿ, ಕೊಂಬೆ ಎಷ್ಟು ದಪ್ಪವೋ ಅದರ ಒಂದೂವರೆಯಿಂದ ಎರಡು ಪಟ್ಟು ಇರಲಿ. ಬೆರಳು ದಪ್ಪದ ಕೊಂಬೆಗೆ ಒಂದೂವರೆ ಇಂಚು ಸುಲಿಯೋಕೆ ಕೈ ಹಿಂಜರಿಯತ್ತೆ, ನನಗೂ ಹಿಂಜರೀತು, ಆದ್ರೂ ಸುಲೀರಿ.

ಕಾಲ: ಮೊದಲ ಚಿಗುರು ಬಲಿತು ಎಲೆ ಗಟ್ಟಿಯಾದ ಮೇಲೆ. ಎಳೆ ಚಿಗುರಿದ್ದಾಗ ಕಟ್ಟಿದ್ರೆ ಇದ್ದ ಶಕ್ತಿ ಎಲ್ಲಾ ಎಲೆಗೇ ಹೋಗತ್ತೆ. ಜಪಾನ್, ಅಮೆರಿಕದ ಪುಸ್ತಕದಲ್ಲಿ ಮೇ ಜೂನ್ ಅಂತಿರತ್ತೆ, ಪುಣೆ ಮೇ ತಿಂಗಳಲ್ಲಿ ಕಟ್ಟಿದ್ರೆ ಗಾಯಕ್ಕೆ ಸುತ್ತೋ ಒದ್ದೆ ಪಾಚಿ ಮೂರೇ ದಿನಕ್ಕೆ ಒಣಗತ್ತೆ, ಹಾಗಾಗಿ ನಾನು ಮೊದಲ ಎರಡು ಮಳೆ ಬಿದ್ದು ಗಾಳಿ ತಂಪಾದ ಮೇಲೆ ಜೂನ್ ಮಧ್ಯದಲ್ಲಿ ಕಟ್ತೀನಿ, ಸೆಪ್ಟೆಂಬರ್ ಕೊನೆಗೆ ಇಳಿಸ್ತೀನಿ.

ಮೇಲಿನ ಅಂಚಿಗೆ ಮಾತ್ರ ರೂಟಿಂಗ್ ಹಾರ್ಮೋನ್ ಪುಡಿ ತೆಳ್ಳಗೆ ಹಚ್ಚಿ. ಸ್ಫ್ಯಾಗ್ನಮ್ ಪಾಚಿ ಒಂದು ರಾತ್ರಿ ನೆನೆಸಿ ಹಿಂಡಿ, ಮೂಸಂಬಿ ಗಾತ್ರದ ಮುದ್ದೆ ಮಾಡಿ, ಗಾಯದ ಮೇಲಿನ ಅಂಚು ಮುದ್ದೆಯ ಮಧ್ಯಕ್ಕೆ ಬರೋ ಹಾಗೆ ಸುತ್ತಿ, ಪಾರದರ್ಶಕ ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಕಟ್ಟಿ. ಊರಲ್ಲಿ ಸೆಗಣಿ ಮಣ್ಣು ಕಟ್ಟಿ ಅಭ್ಯಾಸ ಇರಬಹುದು, ಮೇಪಲ್‌ಗೆ ಬೇಡ, ಕೊಳೆಯತ್ತೆ. ಮಳೆಗಾಲ ಅಲ್ವಾ, ಮೇಲಿನ ಗಂಟಿನ ಸಂದಿಯಿಂದ ಕೊಂಬೆ ಗುಂಟ ನೀರು ಇಳಿದು ಪಾಚಿ ಕೆಸರಾಗತ್ತೆ, ಅದಕ್ಕೆ ಮೇಲಿನ ಗಂಟಿನ ಮೇಲೆ ಇನ್ಸುಲೇಷನ್ ಟೇಪು ಎರಡು ಸುತ್ತು ಹಾಕಿ. ಹೊರಗಡೆ ರೊಟ್ಟಿ ಸುತ್ತೋ ಫಾಯಿಲ್ ಸುತ್ತಿ, ಬೆಳಕು ಹೋಗದೇ ಇರಲಿ, ನೋಡಬೇಕು ಅನ್ಸಿದಾಗ ಫಾಯಿಲ್ ಮಾತ್ರ ಬಿಚ್ಚಿ.

ಎಂಟು ಹತ್ತು ವಾರಕ್ಕೆ ಪ್ಲಾಸ್ಟಿಕ್ ಒಳಗೆ ಬಿಳಿ ಬೇರು ಕಾಣತ್ತೆ, ಆಗ ಕುಯ್ಯಬೇಡಿ. ಬಿಳಿ ಬೇರು ಎಳೇದು, ತಾಗಿದ್ರೆ ಮುರಿಯತ್ತೆ. ಅದು ಕಂದು ಬಣ್ಣಕ್ಕೆ ತಿರುಗಿ ಕವಲು ಒಡೆದ ಮೇಲೆ ಮುದ್ದೆಯ ಕೆಳಗೆ ಗರಗಸದಲ್ಲಿ ಕುಯ್ದು, ಪಾಚಿ ಬಿಡಿಸೋಕೆ ಹೋಗದೇ ಹಾಗೇ ಕುಂಡಕ್ಕೆ ಇಟ್ಟು, ಸುತ್ತ ಹಗುರ ಮಿಶ್ರಣ ತುಂಬಿ, ಕಾಂಡನ ಕೋಲಿಗೆ ಕಟ್ಟಿ ಅಲುಗದ ಹಾಗೆ ಮಾಡಿ. ಎಲೆ ಜಾಸ್ತಿ ಇದ್ರೆ ಮೂರರಲ್ಲೊಂದು ಪಾಲು ತೆಗೀರಿ. ಒಂದು ತಿಂಗಳು ನೆರಳು. ಬಿಚ್ಚಿದಾಗ ಬೇರಿಲ್ಲದೇ ಗಾಯದ ಅಂಚಲ್ಲಿ ಬಿಳಿ ಗಂಟು ಗಂಟಾಗಿ ಉಬ್ಬಿದ್ರೆ ಅದು ಒಳ್ಳೇ ಸೂಚನೆ, ಮತ್ತೆ ಕಟ್ಟಿ ಇನ್ನೊಂದು ತಿಂಗಳು ಬಿಡಿ.

ನಿಮ್ಮ ಎರಡು ಗಿಡದಲ್ಲಿ ಟ್ರೈಡೆಂಟ್ ಸುಲಭ, ಅದರಿಂದ ಶುರು ಮಾಡಿ. ಕೆಂಪೆಲೆ ಜಪಾನೀ ಮೇಪಲ್ ಹೆಚ್ಚಾಗಿ ಕಸಿ ಗಿಡ ಆಗಿರತ್ತೆ, ಬುಡದಿಂದ ಸ್ವಲ್ಪ ಮೇಲೆ ತೊಗಟೆ ಬಣ್ಣ ಬದಲಾದ ಒಂದು ಗಂಟು ಕಾಣತ್ತೆ, ಗೂಟಿ ಅದಕ್ಕಿಂತ ಮೇಲೆ ಕಟ್ಟಿ, ಕೆಳಗೆ ಬಂದ ಕೊಂಬೆಗೆ ಕಟ್ಟಿದ್ರೆ ಸಿಗೋದು ಬೇರಿನ ಕಡೆಯ ಹಸಿರು ಜಾತಿ. ಎಲೆ ನೂಲು ನೂಲಾಗಿ ಹರಿದಿರೋ ತಳಿ ಆದ್ರೆ ತುಂಬಾ ನಿಧಾನ, ತಾಳ್ಮೆ ಇರಲಿ.

ಪ್ರ: ಶ್ರೀನಗರಕ್ಕೆ ಹೋದಾಗ ಮೊಗಲ್ ಗಾರ್ಡನ್‌ನಲ್ಲಿ ಮೇಪಲ್ ಮರಗಳ ಕೆಳಗೆ ಬಿದ್ದಿದ್ದ ಗುಂಡು ಗುಂಡು ಕಾಯಿ ತಂದಿದ್ದೇನೆ. ಇದಕ್ಕೂ ಫ್ರಿಜ್ ಬೇಕೇ? (ಮಾಟುಂಗಾದ ಓದುಗರು)

ಉ: ಅದು ಮೇಪಲ್ ಅಲ್ಲ, ಚಿನಾರ್. ಎಲೆ ನೋಡಿದ್ರೆ ಯಾರಿಗಾದ್ರೂ ಮೇಪಲ್ ಅಂತಾನೇ ಅನ್ಸತ್ತೆ, ಅಕ್ಟೋಬರ್ ಕೊನೆಗೆ ಅದೇ ಥರ ಕೆಂಪಾಗತ್ತೆ, ಆದ್ರೆ ಕುಟುಂಬವೇ ಬೇರೆ. ಗುರುತು ಎರಡು. ಮೇಪಲ್‌ನಲ್ಲಿ ಕಡ್ಡಿ ಮೇಲೆ ಎಲೆಗಳು ಎದುರುಬದುರು ಜೋಡಿಯಾಗಿ ಬರತ್ತೆ, ಚಿನಾರ್‌ನಲ್ಲಿ ಒಂದು ಈ ಕಡೆ, ಸ್ವಲ್ಪ ಮೇಲೆ ಒಂದು ಆ ಕಡೆ. ಇನ್ನೊಂದು ನಿಮ್ಮ ಕೈಯಲ್ಲೇ ಇದೆ, ಗುಂಡು ಕಾಯಿ, ಪುಡಿ ಮಾಡಿದ್ರೆ ಕೂದಲಿರೋ ಸಣ್ಣ ಸಣ್ಣ ಬೀಜ, ರೆಕ್ಕೆ ಇರಲ್ಲ. ಚಿನಾರ್ ಮುಂಬೈಯಲ್ಲಿ ಬದುಕೋ ಮರ ಅಲ್ಲ. ಆ ಗುಂಡುಗಳನ್ನ ಗಾಜಿನ ಬಟ್ಟಲಲ್ಲಿ ಹಾಕಿ ಮೇಜಿನ ಮೇಲಿಡಿ, ಚೆನ್ನಾಗಿ ಕಾಣತ್ತೆ.

ನಮ್ಮ ದೇಶದ್ದೇ ಮೇಪಲ್ ಬೇಕು ಅಂದ್ರೆ ಹಿಮಾಲಯದಲ್ಲಿವೆ. ಅದರಲ್ಲಿ ಏಸರ್ ಆಬ್ಲಾಂಗಮ್ ಅನ್ನೋದು ತಗ್ಗಿನ ಬೆಟ್ಟಗಳಲ್ಲಿ ಬೆಳೆಯೋದು, ಎಲೆಗೆ ಬೆರಳುಗಳೇ ಇಲ್ಲ, ಉದ್ದಕ್ಕೆ ಮಾವಿನೆಲೆ ಮರಿ ಥರ, ಅಡಿಭಾಗ ಬೂದು ಬಿಳಿ, ಹೆಚ್ಚುಕಮ್ಮಿ ನಿತ್ಯಹಸಿರು. ಅದರ ಬೀಜ ನೋಡಿದ್ರೆ ಮಾತ್ರ ಅನುಮಾನವೇ ಬೇಡ, ಎರಡು ರೆಕ್ಕೆ. ಪುಣೆಯವರಿಗೆ ಕೆನಡಾ ಮೇಪಲ್‌ಗಿಂತ ಇದನ್ನೇ ನಾನು ಮೊದಲು ಹೇಳೋದು.

ಪ್ರ: ಬೀಜದಿಂದ ಬೆಳೆಸಿದ ಶುಗರ್ ಮೇಪಲ್‌ನಿಂದ ಸಿರಪ್ ತೆಗೀಬಹುದಾ? (ಠಾಣೆಯ ಓದುಗರು)

ಉ: ಇಲ್ಲ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗೋ ಹವೆಯಲ್ಲಿ ಮಾತ್ರ ಆ ರಸ ಹರಿಯೋದು. ಮರಕ್ಕೆ ಸುಮಾರು 40 ವರ್ಷ ಆಗ್ಬೇಕು, ಒಂದು ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಕುದಿಸಬೇಕು.

ಪ್ರ: ಅಕ್ಕಾ, ನಾವು ಗದಗಿನವ್ರು, ಮಡಗಾಂವ್‌ನಾಗ ಹತ್ತು ವರ್ಷ ಆತು. ನನಗ ಮೇಪಲ್ ಅಂದ್ರ ಭಾಳ ಇಷ್ಟ. ಗೋವಾದ ಹವಾದಾಗ ಕುಂಡದಾಗಾದ್ರೂ ಬದುಕ್ತದೇನು? ಖರೇ ಹೇಳ್ರಿ. (ಮಡಗಾಂವ್‌ನ ಓದುಗರು)

ಉ: ಖರೇ ಹೇಳ್ತೀನಿ ತಂಗಿ, ಜಪಾನೀ ಮೇಪಲ್ ಮಡಗಾಂವ್‌ನಲ್ಲಿ ಒಂದೆರಡು ವರ್ಷ ಇರತ್ತೆ, ಆಮೇಲೆ ಸೊರಗತ್ತೆ. ಬೀಜದ ಚಳಿನ ಫ್ರಿಜ್‌ನಲ್ಲಿ ಕೊಡಬಹುದು, ಬೆಳೆದ ಗಿಡಕ್ಕೂ ಪ್ರತಿ ವರ್ಷ ಎಲೆ ಉದುರಿಸಿ ಮಲಗೋಕೆ ಚಳಿಗಾಲ ಬೇಕು, ಅದನ್ನ ಎಲ್ಲಿಂದ ಕೊಡೋದು? ಪುಣೆಯಲ್ಲಿ ಡಿಸೆಂಬರ್ ಜನವರಿ ರಾತ್ರಿ ಆಗಾಗ 10 ಡಿಗ್ರಿಗಿಂತ ಕೆಳಗೆ ಬರತ್ತೆ, ನಮ್ಮ ಗಿಡಗಳು ಅಷ್ಟರಲ್ಲೇ ಹೇಗೋ ಅರೆನಿದ್ದೆ ಮಾಡ್ತವೆ. ಗೋವಾದಲ್ಲಿ ಜನವರಿ ರಾತ್ರಿನೂ 20ರ ಆಸುಪಾಸು. ನಿದ್ದೆ ಆಗದ ಗಿಡದ ಮೊಗ್ಗು ವಸಂತದಲ್ಲಿ ಸರಿಯಾಗಿ ಒಡೆಯಲ್ಲ, ಅಲ್ಲೊಂದು ಇಲ್ಲೊಂದು ಚಿಗುರು, ತುದಿ ಒಣಗ್ತಾ ಬರತ್ತೆ. ಅದರ ಮೇಲೆ ಜೂನಿಂದ ಸೆಪ್ಟೆಂಬರ್‌ವರೆಗೆ ಬಿಸಿ ಒದ್ದೆ ಮಣ್ಣಲ್ಲಿ ಬೇರು ಕೊಳೆಯತ್ತೆ. ದುಡ್ಡು ಕೊಟ್ಟು ತಂದು ಕಣ್ಣೆದುರು ಸಾಯೋದು ನೋಡೋ ಸಂಕಟ ನಿಮಗೆ ಬೇಡ ಅಂತ ಹೇಳ್ತಿದೀನಿ. ಮನಸ್ಸು ಕೇಳಲ್ಲ ಅಂದ್ರೆ ಟ್ರೈಡೆಂಟ್ ಒಂದು ತಗೊಂಡು ನೋಡಿ, ಸೆಕೆ ತಡೆಯೋದ್ರಲ್ಲಿ ಅದು ಜಪಾನೀ ಮೇಪಲ್‌ಗಿಂತ ಗಟ್ಟಿ. ಮಣ್ಣಿನ ಕುಂಡ, ಅರ್ಧಕ್ಕರ್ಧ ಇಟ್ಟಿಗೆ ಚೂರು, ಮಳೆ ನೇರವಾಗಿ ಬೀಳದ ಸೂರಿನ ಕೆಳಗೆ.

ಆದ್ರೆ ನಿಮಗೆ ಬೇಕಿರೋದು ಆ ಕೆಂಪು ಬೆರಳೆಲೆ ಅಲ್ವಾ? ಕೆಂಪೆಲೆ ದಾಸವಾಳ ಅಂತ ಒಂದು ಗಿಡ ಇದೆ, ಹೈಬಿಸ್ಕಸ್ ಅಸಿಟೊಸೆಲ್ಲಾ, ಎಲೆ ನೋಡಿದ್ರೆ ಜಪಾನೀ ಮೇಪಲ್ಲೇ ಅನ್ಬೇಕು, ಕೆಲವರು ಮೇಪಲ್ ಅಂತಾನೇ ಮಾರ್ತಾರೆ, ಎಲೆ ಎದುರುಬದುರು ಇರಲ್ಲ ಅನ್ನೋದೊಂದೇ ನೋಡ್ಕೊಳ್ಳಿ. ಅದು ನಮ್ಮ ಪುಂಡಿಪಲ್ಲೆಯ ಸಂಬಂಧಿ, ಗೋವಾ ಸೆಕೆ ಅದಕ್ಕೆ ತವರುಮನೆ ಇದ್ದ ಹಾಗೆ. ಗೇಣುದ್ದ ಕಡ್ಡಿ ಕುಯ್ದು ಕೆಳಗಿನ ಎಲೆ ತೆಗ್ದು ಒದ್ದೆ ಮರಳಿಗೆ ಚುಚ್ಚಿದ್ರೆ ಎರಡು ಮೂರು ವಾರಕ್ಕೆ ಬೇರು. ಎಳೆ ಎಲೆ ಹರಿದು ಬಾಯಿಗೆ ಹಾಕಿ ನೋಡಿ, ಪುಂಡಿ ಥರಾನೇ ಹುಳಿ, ರೊಟ್ಟಿ ಜೊತೆ ಪಲ್ಲೆನೂ ಆಗತ್ತೆ.